ಹದಿನಾಲ್ಕು ಅಕ್ಷರದ ಮರೆಮ್ಮ

ಗುರುಲಿಂಗಯ್ಯ ಆ ಕೆಲಸವನ್ನು ಮರೆಮ್ಮನಿಗೆ ಒಪ್ಪಿಸಿದ್ದು ಅವಳು ಸೋಲಲಿ ಎಂದೇ. ಇದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

೧೯೮೬ರ ಮಾತು. ವಾಡಿ ಮತ್ತು ರಾವೂರದ ನಡುವೆ ಇದ್ದ ಸುಣ್ಣದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಶಹಾಬಾದದ ಶಾಖೆಯಲ್ಲಿ ಇನ್ನೊಂದಿತ್ತು. ಎರಡೂ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಯಂತ್ರಗಳೇ, ಆದರೆ ಮಾಡಿದ ಕಂಪನಿಗಳು ಬೇರೆ ಬೇರೆ. ಮಳಖೇಡದ ಕಾಗಿಣಾ ದಂಡೆಯಲ್ಲಿ ಬಲೆ ಬೀಸುವವರ ಮನೆಯಲ್ಲಿ ಹುಟ್ಟಿದ ಮರೆಮ್ಮ, ಸೇಡಂನಲ್ಲಿ ಟೈಪಿಂಗ್ ಕಲಿತು, ಅಕ್ಷರ ಒತ್ತುವ ಕೆಲಸಕ್ಕೆಂದು ಅಲ್ಲಿ ಸೇರಿದವಳು. ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಊಟದ ಬಿಡುವಿನಲ್ಲಿ ಓದಿ ಓದಿ ಶೆಲ್ ಸ್ಕ್ರಿಪ್ಟ್ ಬರೆಯಲು ತಾನೇ ಕಲಿತಳು. ಯಂತ್ರಕ್ಕೆ ಒಂದರ ಹಿಂದೊಂದು ಹೇಳಬೇಕಾದ ಅಪ್ಪಣೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಹಾಗೆ ಓದುತ್ತಿದ್ದಾಗಲೆಲ್ಲ ಕೋಣೆಯ ಮುಖ್ಯಸ್ಥ ಗುರುಲಿಂಗಯ್ಯ, “ಹೊಳಿ ದಂಡಿ ಮಂದಿಗೆ ಪುಸ್ತಕ ಯಾಕ್ ಬೇಕು” ಎಂದು ಪಕ್ಕದವರಿಗೆ ಹೇಳುವಂತೆ ಅವಳಿಗೆ ಕೇಳಿಸುತ್ತಿದ್ದ.

ಅವನು ಒಂದು ಪ್ರೋಗ್ರಾಂ ಬರೆದಿದ್ದ. ಕಾರ್ಖಾನೆಯ ಹಾಜರಿ, ಪಾಳಿ, ಲಾರಿ ಚೀಟಿಗಳ ಪ್ರೋಗ್ರಾಂಗಳೆಲ್ಲ ತುಂಡು ತುಂಡಾಗಿರುತ್ತಿದ್ದವು. ಒಂದು ತುಂಡನ್ನು ತಿದ್ದಿದರೆ ಯಾವ ಯಾವ ತುಂಡುಗಳನ್ನು ಮತ್ತೆ ಕಟ್ಟಬೇಕು ಎಂದು ತಾರೀಖು ನೋಡಿ ನಿರ್ಧರಿಸಿ, ಅಷ್ಟನ್ನೇ ಕಟ್ಟಿಕೊಡುವುದು ಅವನ ಪ್ರೋಗ್ರಾಂನ ಕೆಲಸ. ಅದಕ್ಕೆ ‘ಜೋಡಣೆ’ ಎಂದು ಹೆಸರಿಟ್ಟಿದ್ದ. ಶಹಾಬಾದದ ಯಂತ್ರಕ್ಕೂ ಅದನ್ನು ಹಾಕುವ ಮೊದಲು ಪರೀಕ್ಷೆಗಳನ್ನು ಬರೆಸಬೇಕು, ಒಂದೇ ಪರೀಕ್ಷೆ ಎರಡೂ ಕಡೆ ನಡೆಯಬೇಕು ಎಂದು ಚೀಫ್ ಇಂಜಿನಿಯರ್ ಆಜ್ಞೆ ಹೊರಡಿಸಿದರು. ಗುರುಲಿಂಗಯ್ಯನಿಗೆ ಮೈ ಉರಿಯಿತು.

“ನಾ ಬರೆದಿದ್ದಕ್ಕ ಪರೀಕ್ಷೆ ಅಂತ,” ಎಂದ. ಪುಸ್ತಕವನ್ನು ಮರೆಮ್ಮನ ಮೇಜಿನ ಮೇಲೆ ಎತ್ತಿ ಹಾಕಿದ. “ಭಾಳ ಓದ್ತೀಯಲ್ಲ, ಬರಿ. ಹದಿನೈದು ದಿನ ಅದಾವ.”

“ಬರೀತೀನ್ರಿ,” ಎಂದಳು ಮರೆಮ್ಮ. ಅವಳ ದನಿಯಲ್ಲಿದ್ದ ‘ರಿ’ ಮರ್ಯಾದೆಯದಲ್ಲ, ಅಭ್ಯಾಸದ್ದು.

ನಲವತ್ತೊಂದು ಪರೀಕ್ಷೆ ಬರೆದಳು. ಪ್ರತಿಯೊಂದೂ ಸಣ್ಣದು: ಎರಡು ಮೂರು ಸುಳ್ಳು ತುಂಡುಗಳನ್ನು ಮಾಡು, ಒಂದನ್ನು ತಿದ್ದು, ಜೋಡಣೆಯನ್ನು ಓಡಿಸು, ಕಟ್ಟಬೇಕಾದ್ದನ್ನೇ ಕಟ್ಟಿತೋ ಇಲ್ಲವೋ ನೋಡು, ‘ಸರಿ’ ಅಥವಾ ‘ತಪ್ಪು’ ಎಂದು ಅಚ್ಚುಮಾಡು. ವಾಡಿಯ ಯಂತ್ರದಲ್ಲಿ ನಲವತ್ತೊಂದೂ ಸರಿ ಬಂದವು. ಅವನ್ನು ತುಂಬಿದ ಟೇಪನ್ನು ಚೀಲದಲ್ಲಿಟ್ಟುಕೊಂಡು ಪ್ಯಾಸೆಂಜರ್ ರೈಲು ಹತ್ತಿ ಶಹಾಬಾದಕ್ಕೆ ಹೋದಳು.

ಅಲ್ಲಿ ನಲವತ್ತೊಂದೂ ತಪ್ಪು ಬಂದವು.

ಶಹಾಬಾದದ ಆಪರೇಟರ್ ಪೀರಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. “ವಾಡಿ ಮಾಲು ಇಲ್ಲಿ ನಡೆಂಗಿಲ್ಲವ್ವಾ,” ಎಂದ. ಅಷ್ಟರಲ್ಲಿ ವಾಡಿಗೆ ಫೋನು ಮಾಡಿ ಗುರುಲಿಂಗಯ್ಯನಿಗೆ ಸುದ್ದಿ ಮುಟ್ಟಿಸಿಯೂ ಆಗಿತ್ತು. ಮರುದಿನ ಅವಳು ಕೋಣೆಗೆ ಕಾಲಿಡುವ ಹೊತ್ತಿಗೆ ಗುರುಲಿಂಗಯ್ಯ ಎಲ್ಲರ ಎದುರು ಕೇಳಿದ, “ನಲವತ್ತೊಂದಕ್ಕ ಎಷ್ಟು ಬಂತು?” ಅವಳು ಟೇಪನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. “ಹೇಳವ್ವಾ, ಸೊನ್ನಿ ಅನ್ನೋದಕ್ಕೂ ಬಾಯಿ ಇಲ್ಲೇನು?” ಎಲ್ಲರೂ ನಕ್ಕರು.

ತಪ್ಪು ಎಲ್ಲಿದೆ ಎಂದು ಅವಳು ಎರಡು ದಿನ ಹುಡುಕಿದಳು. ಸಾಲು ಮುರಿಯದೆ ಅಚ್ಚುಮಾಡು ಎಂದು ಹೇಳಲು ವಾಡಿಯ ಯಂತ್ರದಲ್ಲಿ ಒಂದು ಗುರುತು ನಡೆಯುತ್ತಿತ್ತು. ಶಹಾಬಾದದ ಯಂತ್ರಕ್ಕೆ ಆ ಗುರುತು ಗೊತ್ತಿರಲಿಲ್ಲ, ಅದನ್ನೂ ಅಕ್ಷರವೆಂದು ತಿಳಿದು ಅಚ್ಚುಮಾಡಿಬಿಡುತ್ತಿತ್ತು. ಬಂದ ಉತ್ತರವೂ ಬರಬೇಕಾದ ಉತ್ತರವೂ ಹಾಗಾಗಿ ಎಂದೂ ತಾಳೆಯಾಗುತ್ತಿರಲಿಲ್ಲ. ಅಷ್ಟೇ. ಆ ಗುರುತನ್ನು ಎಲ್ಲ ಕಡೆಯಿಂದ ಕಿತ್ತಳು. ಎರಡೂ ಯಂತ್ರಗಳ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಇರುವ ಮಾತನ್ನು ಮಾತ್ರ ಉಳಿಸಿಕೊಂಡು ಎಲ್ಲವನ್ನೂ ಮತ್ತೆ ಬರೆದಳು. ಯಂತ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಆ ನಗೆಯ ಮೇಲಿತ್ತು.

ಎರಡನೇ ಸಲ ಶಹಾಬಾದಕ್ಕೆ ಹೋದಾಗ ಪೀರಪ್ಪ ಊಟಕ್ಕೆ ಹೋಗುವ ಒಂದು ತಾಸು ಮಾತ್ರ ಯಂತ್ರ ಬಿಟ್ಟುಕೊಟ್ಟ. ನಲವತ್ತು ಸರಿ ಬಂದವು. ಒಂದು ತಪ್ಪು ಬಂತು. ಮತ್ತೆ ಓಡಿಸಿದಳು, ಅದೊಂದೇ ತಪ್ಪು. ಈ ಸಲ ತಪ್ಪಿದ್ದು ಸ್ಕ್ರಿಪ್ಟ್ ಅಲ್ಲ, ಜೋಡಣೆಯೇ. ತುಂಡುಗಳ ಫೈಲುಗಳಿಗೆ ಗಿಡ್ಡ ಹೆಸರಿದ್ದರೂ, ಪ್ರತಿ ತುಂಡು ಕಟ್ಟಿ ಮುಗಿಸಿದ ಮೇಲೆ ಅದು ಆ ತುಂಡಿನ ಪೂರ್ತಿ ಉದ್ದ ಹೆಸರಿನಲ್ಲಿ ಒಂದು ಗುರುತಿನ ಫೈಲ್ ಇಡುತ್ತಿತ್ತು. ಶಹಾಬಾದದ ಯಂತ್ರವೋ ಎಷ್ಟೇ ಉದ್ದದ ಹೆಸರಿದ್ದರೂ ಹದಿನಾಲ್ಕು ಅಕ್ಷರಕ್ಕೆ ಕತ್ತರಿಸುತ್ತಿತ್ತು. ಮೊದಲ ಹದಿನಾಲ್ಕು ಅಕ್ಷರ ಒಂದೇ ಆಗಿದ್ದ ಎರಡು ತುಂಡುಗಳಿಗೆ ಅಲ್ಲಿ ಒಂದೇ ಗುರುತು. ಒಂದನ್ನು ಕಟ್ಟಿದರೆ ಇನ್ನೊಂದನ್ನೂ ಕಟ್ಟಿ ಆಯಿತೆಂದು ಜೋಡಣೆ ಸುಮ್ಮನಾಗುತ್ತಿತ್ತು.

ಅಚ್ಚಾದ ಹಾಳೆಯನ್ನು ತಂದು ಗುರುಲಿಂಗಯ್ಯನ ಮುಂದೆ ಇಟ್ಟಳು.

“ನಿನ್ನ ಪರೀಕ್ಷೆನೇ ಗಲತ್ ಅದ,” ಎಂದ ಅವನು, ಹಾಳೆ ಮುಟ್ಟದೆ. “ಅದೊಂದು ತೆಗಿ.”

“ತೆಗಿಯಂಗಿಲ್ರಿ.”

“ತೆಗಿ ಅಂದ್ನಿ.”

“ನೀವೇ ತೆಗೀರಿ ಸಾಹೇಬ್ರ. ನನ್ ಕೈಲೆ ಆಗಂಗಿಲ್ಲ.”

ಅವನು ಅವಳ ಕಣ್ಣೆದುರೇ ಕುಳಿತು ಆ ಪರೀಕ್ಷೆಯನ್ನು ಅಳಿಸಿದ. ನಲವತ್ತಕ್ಕೆ ನಲವತ್ತು ಸರಿ ಎಂದು ಚೀಫ್ ಇಂಜಿನಿಯರಿಗೆ ಬರೆದು ಕಳಿಸಿದ. ಮರೆಮ್ಮ ಹಾಳೆಯನ್ನು ಮಡಚಿ ತನ್ನ ಮೇಜಿನ ಡ್ರಾದಲ್ಲಿ ಹಾಕಿ ಕೀಲಿ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ಪಾಳಿಯ ನಿಯಮ ಬದಲಾಯಿತು. ಗಣಿ ಮತ್ತು ಕಲ್ಲು ಪುಡಿಮಾಡುವ ಕ್ರಷರ್, ಎರಡೂ ವಿಭಾಗದ ಪಾಳಿ ತುಂಡುಗಳನ್ನು ತಿದ್ದಿದರು. ಎರಡರ ಹೆಸರೂ ಇಂಗ್ಲಿಷಿನಲ್ಲಿ ‘ಶಿಫ್ಟ್ ರಿಜಿಸ್ಟರ್’ ಎಂದೇ ಶುರು. ನಡುವಿನ ಗೆರೆಯೂ ಸೇರಿ ಅಲ್ಲಿಗೇ ಹದಿನಾಲ್ಕು ಅಕ್ಷರ ಮುಗಿಯುತ್ತಿತ್ತು. ಶಹಾಬಾದದಲ್ಲಿ ಗಣಿಯ ತುಂಡು ಹೊಸದಾಯಿತು, ಕ್ರಷರಿನದು ಹಳೆಯದೇ ಉಳಿಯಿತು. ಸೋಮವಾರ ಬೆಳಿಗ್ಗೆ ಹೊಸ ಪಾಳಿಯ ನೋಟಿಸ್ ನೋಡಿ ಬಂದ ಕ್ರಷರಿನ ಅರವತ್ತು ಆಳುಗಳಿಗೆ ಗೇಟಿನಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲ, ಹೋಗಿ ಎಂದರು. ಆ ಪಟ್ಟಿಯ ಪ್ರೋಗ್ರಾಂ ವಾಡಿಯದೆಂದು ಕೇಳಿ ಅವರು ಒಂದು ಲಾರಿ ಹತ್ತಿ ನೆಟ್ಟಗೆ ವಾಡಿಯ ಕಂಪ್ಯೂಟರ್ ಕೋಣೆಗೆ ಬಂದರು. ಮರೆಮ್ಮನ ಗಂಡ ಅಂಬರಾಯನೂ ಅವರಲ್ಲಿದ್ದ. ರಾವೂರದಿಂದ ದಿನಾ ಶಹಾಬಾದದ ಕ್ರಷರಿಗೆ ಹೋಗುತ್ತಿದ್ದವನು.

ಗುರುಲಿಂಗಯ್ಯ ಬಾಗಿಲಲ್ಲಿ ನಿಂತು ಒಳಗೆ ಕೈ ತೋರಿಸಿದ. “ಪರೀಕ್ಷೆ ಮಾಡಿದಾಕಿ ಅಲ್ಲಿ ಕುಂತಾಳ, ಆಕಿನ್ನ ಕೇಳ್ರಿ.”

ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ಅಂಬರಾಯನೇ. “ನನಗ ಗೇಟಿನಾಗ ನಿಂದ್ರಿಸಿದ್ರು, ಗೊತ್ತದ ಏನು? ಮಂದಿ ಎದುರಿಗೆ ನನ್ ಮಾನ ಕಳದಿ,” ಎಂದ. ಮನೆಯಲ್ಲಿ ಎಂದೂ ಅಷ್ಟು ಗಟ್ಟಿಯಾಗಿ ಮಾತಾಡದವನು. ಮರೆಮ್ಮ ಅವನ ಮುಖ ನೋಡಲಿಲ್ಲ. ಡ್ರಾ ತೆಗೆದು ಹಾಳೆ ಹೊರತೆಗೆದಳು. ಗದ್ದಲ ಕೇಳಿ ಬಂದಿದ್ದ ಚೀಫ್ ಇಂಜಿನಿಯರ್ ಕೈಗೆ ಕೊಟ್ಟು, “ಇದು ನಲವತ್ತೊಂದನೇದ್ರಿ. ತಾರೀಖ ನೋಡ್ರಿ. ಇದನ್ನ ಅಳಿಸ್ದೋರು ಯಾರಂತ ಗುರುಲಿಂಗಯ್ಯ ಸಾಹೇಬ್ರನ್ನೇ ಕೇಳ್ರಿ,” ಎಂದಳು.

ಚೀಫ್ ಇಂಜಿನಿಯರ್ ಓದಿದರು. ಆಮೇಲೆ ಗುರುಲಿಂಗಯ್ಯನ ಕಡೆ ನೋಡಿದರು. ಆ ಪರೀಕ್ಷೆಯನ್ನು ಮತ್ತೆ ಸೇರಿಸಿ, ಜೋಡಣೆಯನ್ನು ತಿದ್ದಿ ಎಂದಷ್ಟೇ ಹೇಳಿ ಅವರು ಹೊರಟುಹೋದರು. ಗುರುಲಿಂಗಯ್ಯನ ಕುರ್ಚಿ ಅಲ್ಲೇ ಉಳಿಯಿತು, ಮರೆಮ್ಮನ ಹುದ್ದೆಯ ಹೆಸರೂ ಅಕ್ಷರ ಒತ್ತುವವಳು ಎಂದೇ ಉಳಿಯಿತು. ಕೋಣೆಯವರು ಮಾತ್ರ ಅವಳನ್ನು ಬೆನ್ನ ಹಿಂದೆ ‘ಹದಿನಾಲ್ಕು ಅಕ್ಷರ’ ಎಂದು ಕರೆಯತೊಡಗಿದರು. ಅದರಲ್ಲಿ ಹೆದರಿಕೆ ಇತ್ತು, ಪ್ರೀತಿ ಇರಲಿಲ್ಲ.

ಮನೆಯಲ್ಲಿ ಅಂಬರಾಯ ನಾಲ್ಕು ದಿನದ ಮೇಲೆ, “ನನಗೇನ್ ಗೊತ್ತಿತ್ತು,” ಎಂದ.

“ಕೇಳಿದ್ರ ಗೊತ್ತಾಗ್ತಿತ್ತು,” ಎಂದಳು. ಆ ವಿಷಯ ಅವರಿಬ್ಬರ ನಡುವೆ ಅಲ್ಲಿಗೇ ನಿಂತಿತು, ಸರಿಹೋಗಲಿಲ್ಲ.

ಅದಾದ ಮೇಲೆ ಮೂರು ವರ್ಷ ಗುರುಲಿಂಗಯ್ಯ ಅವಳೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಬಿಸಾಕುತ್ತಿದ್ದ. ಅವಳು ಚೀಟಿ ಓದಿ ಪರೀಕ್ಷೆ ಬರೆಯುತ್ತಿದ್ದಳು. ಅವನು ಜೋಡಣೆಗೆ ಹೊಸದೇನು ಸೇರಿಸಿದರೂ ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದೇ ಅವಳಿಗೆ ದಿನದ ಕೆಲಸವಾಯಿತು. ಹೆಸರಿನ ನಡುವೆ ಖಾಲಿ ಜಾಗವಿಟ್ಟು ನೋಡಿದಳು, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ನೋಡಿದಳು, ಓದಲು ಪರವಾನಗಿಯೇ ಇಲ್ಲದ ಫೈಲ್ ಕೊಟ್ಟು ನೋಡಿದಳು. ಪರೀಕ್ಷೆಗಳು ಇನ್ನೂರ ಹನ್ನೆರಡಾದವು. ಶಹಾಬಾದದವರು ಮೂರನೆಯ ಕಂಪನಿಯ ಯಂತ್ರ ತಂದಾಗ, ಒಂದಕ್ಷರವನ್ನೂ ತಿದ್ದದೆ ಅಷ್ಟೂ ಅದರಲ್ಲಿ ಓಡಿದವು. ಜೋಡಣೆ ಕಟ್ಟಿದ ಪ್ರೋಗ್ರಾಂಗಳು ಆ ಮೂರು ವರ್ಷ ಒಂದು ಸಲವೂ ತಪ್ಪು ಪಟ್ಟಿ ಕೊಡಲಿಲ್ಲ. ಎಲ್ಲರೂ ಗುರುಲಿಂಗಯ್ಯನನ್ನು ಹೊಗಳಿದರು. ಕೆಲಸ ಅಷ್ಟು ಗಟ್ಟಿಯಾದದ್ದು ಇಬ್ಬರ ದ್ವೇಷದಿಂದ ಎಂದು ಯಾರಿಗೂ ಹೊಳೆಯಲಿಲ್ಲ.

೧೯೮೯ರಲ್ಲಿ ಅವನಿಗೆ ಬಡ್ತಿ ಸಿಕ್ಕು ಹೈದರಾಬಾದಿನ ಕಚೇರಿಗೆ ವರ್ಗವಾಯಿತು. ಬೀಳ್ಕೊಡುಗೆಗೆ ಕ್ಯಾಂಟೀನಿನಲ್ಲಿ ಹಾರ, ಫರಾಳದ ತಿಂಡಿ ಎಲ್ಲ ತಯಾರಾಗಿತ್ತು. ಮರೆಮ್ಮ ಹೋಗಲಿಲ್ಲ. ಖಾಲಿ ಕೋಣೆಯಲ್ಲಿ ಕುಳಿತು ಅವನು ಹಿಂದಿನ ದಿನ ಕೊನೆಯದಾಗಿ ತಿದ್ದಿದ್ದ ಜೋಡಣೆಯ ಮೇಲೆ ಇನ್ನೂರ ಹನ್ನೆರಡನ್ನೂ ಓಡಿಸಿದಳು. ಎರಡು ತಪ್ಪು ಬಂದವು. ಹಾಳೆ ಹರಿದು, ಎರಡೂ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪ್ಯೂನ್ ಖಂಡೆಪ್ಪನ ಕೈಗೆ ಕೊಟ್ಟಳು.

“ಸಾಹೇಬ್ರ ಭಾಷಣ ಮುಗಿಯೋಕಿಂತ ಮೊದಲ ಅವ್ರ ಕೈಗೆ ಕೊಡು,” ಎಂದಳು.