ಎಡಗಾಲು ಒಳಂಗಳಕ್ಕೆ, ಬಲಗಾಲು ಹೊರಂಗಳಕ್ಕೆ

ನಮ್ಮೂರು ಮರ್ಗಿಲಾನಿನ ಹಳೇ ಕೇರಿಯಲ್ಲಿ ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ರೇಷ್ಮೆ ನೇಯುವ ಯುಲ್ಚಿಬಾಯ್ ಅವರ ಮಗನ ಮದುವೆ. ಹೊರಂಗಳದಲ್ಲಿ ಪಲಾವಿನ ಕಡಾಯಿ ಹಬೆಯಾಡುತ್ತಿದೆ, ಟೊಪ್ಪಿ ತೊಟ್ಟ ಗಂಡಸರು ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುತ್ತಾ ಬಂದು ಕೂರುತ್ತಿದ್ದಾರೆ. ಹೆಂಗಸರೆಲ್ಲ ಒಳಂಗಳದಲ್ಲಿ. ಈ ಎರಡು ಅಂಗಳಗಳ ನಡುವೆ ಒಂದು ಇಕ್ಕಟ್ಟಾದ ಹಾದಿ ಇದೆ, ಎರಡೂ ತುದಿಗೆ ಪರದೆ. ಆ ಹಾದಿಯಲ್ಲಿ, ಕಳಚಿಟ್ಟ ಚಪ್ಪಲಿಗಳ ಪಕ್ಕದಲ್ಲಿ, ಗಿಟಾರು ತೊಡೆಯ ಮೇಲಿಟ್ಟುಕೊಂಡು ಸೋಬಿತ್ ಉಸ್ತಾ ಕೂತಿದ್ದಾರೆ. ಕಸುಬು ಬಲ್ಲ ಹಿರಿಯರನ್ನು ನಾವು ಉಸ್ತಾ ಎನ್ನುತ್ತೇವೆ.

ಕೂತ ಕೂಡಲೇ ಅವರು ಮಾಡುವ ಮೊದಲ ಕೆಲಸ ರಬ್ಬರು ಹೊರಜೋಡು ಕಳಚುವುದು. ಒಳಗೆ ತೊಟ್ಟ ಮೆತ್ತನೆಯ ಚರ್ಮದ ಬೂಟಿನಲ್ಲೇ, ಗಿಟಾರಿನ ನಾದ ಬದಲಿಸುವ ಪೆಡಲ್ ಒತ್ತಬೇಕು, ಇಲ್ಲದಿದ್ದರೆ ಗುಂಡಿ ಎಲ್ಲಿದೆ ಎಂದು ಪಾದಕ್ಕೆ ಗೊತ್ತಾಗುವುದಿಲ್ಲವಂತೆ. ಬಲಗಾಲಿನ ಮುಂದೆ ಒಂದು ಸಾಲು ಪೆಡಲ್‌ಗಳು, ಎಡಗಾಲಿನ ಮುಂದೆ ಇನ್ನೊಂದು ಸಾಲು. ಬಲಗಡೆಯ ತಂತಿ ಹೊರಂಗಳದ ಆಂಪ್ಲಿಫೈಯರಿಗೆ ಹೋಗುತ್ತದೆ, ಎಡಗಡೆಯದು ಪರದೆಯ ಕೆಳಗೆ ನುಸುಳಿ ಒಳಂಗಳದ ಆಂಪ್ಲಿಫೈಯರಿಗೆ. ಗಿಟಾರು ಒಂದೇ, ನುಡಿಸುವ ಕೈಯೂ ಒಂದೇ. ಆದರೆ ಗಂಡಸರು ಕೇಳುವ ನಾದ ಬೇರೆ, ಹೆಂಗಸರು ಕೇಳುವ ನಾದ ಬೇರೆ.

"ಗಂಡಸರು ಊಟಕ್ಕೆ ಬಂದಿರ್ತಾರೆ, ಬೇಗ ತಿಂದು ಕೆಲಸಕ್ಕೆ ಓಡ್ಬೇಕು. ಅವರಿಗೆ ಗಟ್ಟಿ ಬೇಕು, ಚುರುಕು ಬೇಕು, ಸ್ವಲ್ಪ ಒರಟು ಇದ್ರೂ ನಡೆಯುತ್ತೆ. ಒಳಗಿನವರು ಹಾಗಲ್ಲ ತಂಗಿ. ಅವರು ಕೂತು ಕೇಳ್ತಾರೆ. ಅವರಿಗೆ ಸ್ವರ ಒಂಚೂರು ನಡುಗಬೇಕು, ಹೋದದ್ದು ತಿರುಗಿ ಬರಬೇಕು," ಎನ್ನುತ್ತಾರೆ ಉಸ್ತಾ, ಪೇಪರಿಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ. ಅದಕ್ಕೇ ಎಡಗಾಲಿನ ಸಾಲಿನಲ್ಲಿ ನಡುಗಿಸುವ ಪೆಡಲ್ ಒಂದು, ಪ್ರತಿಧ್ವನಿಯ ಪೆಡಲ್ ಒಂದು.

ಕಡಾಯಿಯ ಪಕ್ಕ ನಿಂತ ಅಡುಗೆಯ ನೇಮತ್ ಸುಮ್ಮನಿರುವ ಆಸಾಮಿಯಲ್ಲ. ಸೌಟು ಎತ್ತಿ ಕೂಗುತ್ತಾನೆ: "ಏನು ಉಸ್ತಾ, ಒಳಗಿನವರಿಗೆ ಮಾತ್ರ ಜೇನು, ನಮಗೆ ಬರೀ ಉಪ್ಪಾ?"

"ನಿನ್ನ ಪಲಾವಿಗೆ ಉಪ್ಪು ಕಮ್ಮಿ ಇರುತ್ತಲ್ಲ, ನೆಂಚಿಕೊಳ್ಳಲಿ ಅಂತ!" ಎನ್ನುತ್ತಾರೆ ಉಸ್ತಾ. ಅಂಗಳವಿಡೀ ನಗುತ್ತದೆ. ನೇಮತ್ ಸೌಟಿನಿಂದಲೇ ಹೊಡೆಯುವಂತೆ ಮಾಡುತ್ತಾನೆ. ನಮ್ಮೂರಲ್ಲಿ ಮದುವೆಯ ಪಲಾವು ಬೈಗುಳವಿಲ್ಲದೆ ಇಳಿಯುವುದಿಲ್ಲ.

ಈ ಎರಡು ಆಂಪ್ಲಿಫೈಯರುಗಳ ಕಥೆ ಹುಟ್ಟಿದ್ದೂ ಬೈಗುಳದಿಂದಲೇ. ಬೈದವರು ಉಸ್ತಾನ ಹೆಂಡತಿ ಮಸ್ತೂರಾ ಓಪಾ, ಅಂದರೆ ಮಸ್ತೂರಾ ಅಕ್ಕ. ಆಗ ಸೋಬಿತ್ ರೇಷ್ಮೆ ಗಿರಣಿಯ ವಾದ್ಯಗೋಷ್ಠಿಯಲ್ಲಿ ಗಿಟಾರು ನುಡಿಸುತ್ತಿದ್ದ ತರುಣ, ಮಸ್ತೂರಾ ಅದೇ ಗಿರಣಿಯ ಮಗ್ಗದ ಕೆಲಸದವರು. ಗಿರಣಿಯ ಸಭಾಂಗಣದಲ್ಲಿ ಅವರು ಯಾವಾಗಲೂ ಮುಂದಿನ ಸಾಲು. ಮದುವೆಯಾಯಿತು, ಆಮೇಲೆ ಗೋಷ್ಠಿ ಮುರಿದುಬಿತ್ತು, ಉಸ್ತಾ ಮದುವೆ ಮನೆಗಳಿಗೆ ನುಡಿಸಲು ಹೊರಟರು. ಹಾಗೆ ನುಡಿಸಿದ ಮೊದಲ ಮದುವೆಯಿಂದ ಬಂದ ಸಂಜೆ ಚಹಾ ಬಗ್ಗಿಸುತ್ತಾ ಹೆಂಡತಿ ಕೇಳಿದ್ದು ಇಷ್ಟೇ: "ರಾನೋ ಅಪ್ಪ, ಇವತ್ತು ನೀವು ಏನು ನುಡಿಸಿದ್ರಿ? ಒಳಂಗಳದಲ್ಲಿ ಕೂತ ನಮಗೆ ಗೋಡೆ ಮಾತ್ರ ಕೇಳಿಸ್ತು."

ರಾನೋ ಅವರ ಮಗಳು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಕರೆಯುವುದಿಲ್ಲ, ಮಕ್ಕಳ ಹೆಸರೇ ಆಸರೆ.

ಆ ಮಾತು ಉಸ್ತಾಗೆ ನಾಟಿತು. ಮುಂದಿನ ಮದುವೆಗೆ ಇನ್ನೊಂದು ಆಂಪ್ಲಿಫೈಯರು ಹೊತ್ತು ತಂದು ಒಳಂಗಳದಲ್ಲಿ ಇಟ್ಟರು. ಇಟ್ಟದ್ದೇ ತಡ, ಎರಡೂ ಪೆಟ್ಟಿಗೆಗಳು ದುಂಬಿ ಹೊಕ್ಕ ಹಾಗೆ ಗುಂಯ್‌ಗುಡತೊಡಗಿದವು. ಎರಡನ್ನು ಒಂದೇ ಗಿಟಾರಿಗೆ ನೇರವಾಗಿ ಜೋಡಿಸಿದರೆ ಹಾಗಾಗುತ್ತದಂತೆ. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್ ಕಿತ್ತು, ಚಹಾದ ಡಬ್ಬಿಯೊಳಗೆ ಕೂರಿಸಿ, ಗಿಟಾರಿನ ನಾದವನ್ನು ಅಲ್ಲಿ ಎರಡಾಗಿ ಸೀಳಿದ ಮೇಲೆ ದುಂಬಿ ಓಡಿತು. ಡಬ್ಬಿ ಇವತ್ತಿಗೂ ಅದೇ. ಅದರ ಮೇಲಿನ ಆನೆಯ ಚಿತ್ರ ಪೂರ್ತಿ ಅಳಿಸಿಹೋಗಿದೆ.

ಗುಂಯ್ ಹೋಯಿತು, ಬೈಗುಳ ಹೋಗಲಿಲ್ಲ. "ಹೊರಗಿನ ಗಲಾಟೇನೇ ಒಳಗೂ ತಂದು ಸುರಿದ್ರಲ್ಲ, ಕೂಸುಗಳೆಲ್ಲ ಎದ್ದು ಅತ್ತವು," ಎಂದರು ಮಸ್ತೂರಾ ಓಪಾ. ಹೀಗೆ ಒಳಂಗಳಕ್ಕೇ ಒಂದು ಬೇರೆ ಪೆಡಲ್ ಸಾಲು ಬಂತು. ಒಂದೊಂದು ಪೆಡಲ್ ಹಿಂದೆಯೂ ಹೆಂಡತಿಯ ಒಂದೊಂದು ತಕರಾರು ಇದೆ.

ಉಸ್ತಾ ತಾವು ಒಳಂಗಳದಲ್ಲಿ ಕೂತು ಅಲ್ಲಿನ ನಾದವನ್ನು ಇವತ್ತಿನವರೆಗೂ ಕೇಳಿಲ್ಲ. ಹೆಂಗಸರು ಕೂತ ಅಂಗಳಕ್ಕೆ ಗಂಡಸು ಹೋಗುವ ಹಾಗಿಲ್ಲ. ಯಾರೂ ಇಲ್ಲದಾಗ ಹೋಗಿ ಕೇಳಬಹುದಲ್ಲ ಎಂದರೆ ನನ್ನನ್ನು ದಡ್ಡಿಯಂತೆ ನೋಡುತ್ತಾರೆ. "ಖಾಲಿ ಅಂಗಳ ಬೇರೆ, ಮಖಮಲ್ ತೊಟ್ಟ ಹೆಂಗಸರು ತುಂಬಿದ ಅಂಗಳ ಬೇರೆ. ಬಟ್ಟೆ ನಾದ ಕುಡಿಯುತ್ತೆ, ಹಾಸಿದ ರಜಾಯಿ ಕುಡಿಯುತ್ತೆ, ಮಾತು ಕುಡಿಯುತ್ತೆ. ಎಷ್ಟು ಕುಡಿದು ಎಷ್ಟು ಉಳಿಸ್ತು ಅನ್ನೋದು ಒಳಗೆ ಕೂತವರಿಗೇ ಗೊತ್ತು."

ಒಳಗೆ ಕೂತವರೆಂದರೆ ಮಸ್ತೂರಾ ಓಪಾ. ಪ್ರತಿ ಮದುವೆಯ ಸಂಜೆ ಅವರದ್ದೊಂದು ವರದಿ, ಅದೂ ಮಗ್ಗದವರ ಮಾತಿನಲ್ಲಿ. ಎಳೆ ದಪ್ಪವಾಯಿತು ಎಂದರೆ ನಾದ ಭಾರವಾಯಿತು ಎಂದು ಅರ್ಥ. ಎಳೆ ಕಡಿಯಿತು ಎಂದರೆ ಪ್ರತಿಧ್ವನಿ ಸಾಲಲಿಲ್ಲ. ಗಂಟು ಬಿತ್ತು ಎಂದರೆ ಹೋದ ಸ್ವರ ತಿರುಗಿ ಬಂದು ಹೊಸ ಸ್ವರದ ಮೇಲೆ ಬಿತ್ತು. ಉಸ್ತಾ ಕೇಳಿಸಿಕೊಂಡು, ಗೊಣಗಿ, ಮರುದಿನ ತಿರುಪು ತಿರುಗಿಸುತ್ತಿದ್ದರು. ಇಷ್ಟು ವರ್ಷ ಒಳಂಗಳದ ನಾದ ಹದವಾದದ್ದು ಹೀಗೆ.

ಎರಡು ವರ್ಷಗಳಿಂದ ವರದಿ ಬದಲಾಗಿದೆ. ಯಾವ ಮದುವೆ ಕೇಳಿದರೂ ಒಂದೇ ಮಾತು: "ಚೆನ್ನಾಗಿತ್ತು."

"ಮೊದಮೊದಲು ಖುಷಿ ಆಯ್ತು ತಂಗಿ. ಅಂತೂ ಕಲಿತೆ ಅಂದ್ಕೊಂಡೆ," ಎನ್ನುತ್ತಾ ಉಸ್ತಾ ಗಿಟಾರಿನ ತಂತಿ ಬಿಗಿಸುತ್ತಾರೆ. "ಆಮೇಲೆ ಹೋದ ವಸಂತದಲ್ಲಿ ಒಂದು ಎಡವಟ್ಟಾಯ್ತು. ಹಾದಿ ಕತ್ತಲೆ, ಕನ್ನಡಕ ಮರೆತಿದ್ದೆ, ಆಂಪ್ಲಿಫೈಯರಿನ ಎರಡು ತಂತೀನೂ ಅದಲುಬದಲು ಚುಚ್ಚಿಬಿಟ್ಟೆ. ಒಳಗಿನ ನಡುಕ ಹೊರಗೆ ಬಂತು, ಹೊರಗಿನ ಒರಟು ಒಳಗೆ ಹೋಯ್ತು. ಈ ನೇಮತ್ ಕೂಗಿದ, 'ಉಸ್ತಾ, ಬಾವಿಗೆ ಬಿದ್ದು ನುಡಿಸ್ತಿದೀರಾ?' ಅಂತ. ಗಂಡಸರೆಲ್ಲ ನಕ್ಕರು. ನಾನು ಮನಸ್ಸಲ್ಲೇ ಅಂದ್ಕೊಂಡೆ, ಇವತ್ತು ಮನೇಲಿ ನನಗೆ ಗ್ರಹಚಾರ ಕಾದಿದೆ. ಸಂಜೆ ಹೋಗಿ ತಲೆ ತಗ್ಗಿಸಿ ಕೂತೆ. ಚಹಾ ಕೊಟ್ಟಳು. 'ಚೆನ್ನಾಗಿತ್ತು, ಇವತ್ತು ಬಹಳ ಇಂಪಾಗಿತ್ತು' ಅಂದ್ಳು."

ತಂತಿ ಬಿಗಿಸುವ ಕೈ ನಿಲ್ಲುತ್ತದೆ.

"ಆವತ್ತು ಗೊತ್ತಾಯ್ತು. ಮಗ್ಗದ ಸದ್ದು ಅವಳ ಕಿವಿ ತಿಂದುಬಿಟ್ಟಿದೆ. ನಾನೇನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಆವತ್ತಿನಿಂದ ಎಡಗಾಲು ಒತ್ತುವಾಗೆಲ್ಲ ಯಾರಿಗೆ ಒತ್ತುತಾ ಇದೀನಿ ಅನ್ಸುತ್ತೆ. ಅವಳ ಬೈಗುಳ ಇಲ್ಲದೆ ನನಗೆ ಬಿಕೋ ಅನ್ನುತ್ತೆ ತಂಗಿ. ನಿಜ ಹೇಳ್ತೀನಿ, ಬಿಕೋ ಅನ್ನುತ್ತೆ."

ಅರವತ್ತು ದಾಟಿದ ಉಸ್ತಾ ಹೀಗೆ ಹೇಳಿ, ಪರದೆಯ ಕಡೆ ಗದ್ದ ಎತ್ತಿ ತೋರಿಸುತ್ತಾರೆ: "ನೀನು ಹೆಂಗಸಲ್ವಾ, ನೀನು ಒಳಗೆ ಹೋಗಬಹುದು. ಹೋಗಿ ಕೇಳಿ ಬಾ. ಹೇಗಿದೆ ಅಂತ ಹೇಳು."

ಒಳಂಗಳದಲ್ಲಿ ಸೂಜಿ ಬೀಳಲೂ ಜಾಗವಿಲ್ಲ. ಚಿನ್ನದ ಹಲ್ಲಿನ ಅಜ್ಜಿಯರು, ಸೊಸೆಯರು, ತೊಡೆಯ ಮೇಲೆ ಕೂಸುಗಳು, ನಡುವೆ ರೊಟ್ಟಿಯ ಗೋಪುರ. ಉಸ್ತಾನ ಆಂಪ್ಲಿಫೈಯರು ದ್ರಾಕ್ಷಿ ಚಪ್ಪರದ ಕೆಳಗಿದೆ, ಅದರ ಮೇಲೆ ಯಾರೋ ಆಗಲೇ ಸಕ್ಕರೆಯ ತಟ್ಟೆ ಇಟ್ಟಿದ್ದಾರೆ. ಅದರ ಪಕ್ಕದಲ್ಲೇ ಕೂತು ಬಟ್ಟಲುಗಳಿಗೆ ಚಹಾ ಹಂಚುತ್ತಿರುವವರು ಮಸ್ತೂರಾ ಓಪಾ. ನಾನು ಹತ್ತಿರ ಕೂತದ್ದೇ ತಡ, ನನ್ನ ಮುಖ ನೋಡಿ, "ರಾನೋ ಅಪ್ಪ ಕಳಿಸಿದ್ರಾ?" ಎನ್ನುತ್ತಾರೆ.

ಅವರಿಗೆ ಹತ್ತಿರ ಕೂತು ಮಾತಾಡಿದರೆ ಕೇಳಿಸುತ್ತದೆ. ಗಿಟಾರಿನ ಕೆಳಗಿನ ಸ್ವರಗಳು ಗುಮ್ಮೆನ್ನುತ್ತವೆ, ಮೇಲಿನವು ಇಲ್ಲವೇ ಇಲ್ಲ. ಅಪ್ಪನಿಗೆ ಗೊತ್ತಾಗದಂತೆ ಮಗಳು ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದಾಳೆ, ಅದರಲ್ಲಿ ಗಿಟಾರು ತಗಡು ಬಡಿದ ಹಾಗೆ ಕೇಳಿಸುತ್ತದಂತೆ, ಪೆಟ್ಟಿಗೆಯಲ್ಲೇ ಇದೆ. "ನಾನು ಇವರ ಮುಖ ನೋಡ್ತೀನಿ," ಎಂದು ಹೆಂಗಸರ ಕಡೆ ಕಣ್ಣು ಹೊರಳಿಸುತ್ತಾರೆ. "ರೊಟ್ಟಿ ಮುರಿಯೋ ಕೈ ನಿಧಾನ ಆದ್ರೆ ಚೆನ್ನಾಗಿದೆ ಅಂತ. ತಂತಿ ಅದಲುಬದಲಾದ ದಿನ ಎಲ್ಲರೂ ಮುಖ ಮುಖ ನೋಡಿಕೊಂಡ್ರು. ಏನೋ ಕೆಟ್ಟಿದೆ ಅಂತ ನನಗೂ ಗೊತ್ತಾಯ್ತು. ಆದ್ರೆ ಸಂಜೆ ಬಂದಾಗ ರಾನೋ ಅಪ್ಪನ ಮುಖ ಇಷ್ಟು ಸಣ್ಣಗಾಗಿತ್ತು. ಹೊರಗೆ ಯಾರೋ ಅವಮಾನ ಮಾಡಿದಾರೆ ಅಂದ್ಕೊಂಡೆ. ಅದರ ಮೇಲೆ ನಾನೂ ಬೈಯಲಾ? ಇಂಪಾಗಿತ್ತು ಅಂದುಬಿಟ್ಟೆ."

"ಓಪಾ, ಇದನ್ನೆಲ್ಲ ನಾನು ಬರೆಯಬಹುದಾ?"

"ಬರಿ ಬರಿ. ಅವರು ಪೇಪರ್ ಎಲ್ಲಿ ಓದ್ತಾರೆ? ಪೆಡಲ್ ಸುತ್ತಿಡೋಕೆ ಬಳಸ್ತಾರೆ ಅಷ್ಟೇ."

ಅಷ್ಟರಲ್ಲಿ ಉಸ್ತಾ ಶುರುಮಾಡುತ್ತಾರೆ. ಸಕ್ಕರೆಯ ತಟ್ಟೆ ಸಣ್ಣಗೆ ಕಂಪಿಸುತ್ತದೆ. ಸ್ವರವೊಂದು ಹೊರಟು, ಸ್ವಲ್ಪ ನಡುಗಿ, ಚಪ್ಪರದ ಕೆಳಗೆ ಸುತ್ತಿ ತಿರುಗಿ ಬರುತ್ತದೆ. ನನ್ನ ಪಕ್ಕದ ಅಜ್ಜಿಯ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಾನು ಈ ಊರಿನಲ್ಲೇ ಹುಟ್ಟಿ ಎಷ್ಟೋ ಮದುವೆಗಳಲ್ಲಿ ಇದನ್ನು ಕೇಳಿದ್ದೇನೆ, ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ. ಮಸ್ತೂರಾ ಓಪಾ ನನ್ನ ಮೊಣಕೈ ಹಿಡಿದು ಕೇಳುತ್ತಾರೆ: "ಹೇಗಿದೆ?"

"ಇಂಪಾಗಿದೆ ಓಪಾ."

"ಅಯ್ಯೋ, ಇಂಪಾಗಿದೆ ಅಂತ ಹೇಳೋಕೆ ನಾನೇ ಸಾಕಲ್ಲ! ಸರಿಯಾಗಿ ಕೇಳು. ಎಳೆ ದಪ್ಪ ಇದೆಯಾ?"

"ಇಲ್ಲ, ತೆಳ್ಳಗಿದೆ."

"ಕಡಿಯುತ್ತಾ?"

"ಇಲ್ಲ."

"ಬೆರಳು ಜೋರಾಗಿ ಓಡುವಾಗ? ಹೋದದ್ದು ಬಂದು ಹೊಸದರ ಮೇಲೆ ಬೀಳುತ್ತಾ?"

ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಬೀಳುತ್ತದೆ. ಓಟ ಬಂದ ಕಡೆಯೆಲ್ಲ ಸ್ವರಗಳು ಒಂದರ ಕಾಲನ್ನು ಒಂದು ತುಳಿಯುತ್ತವೆ. ಹೌದು ಎಂದು ತಲೆಯಾಡಿಸುತ್ತೇನೆ.

"ಮತ್ತೆ! ಗಂಟು!" ಎಂದು ಮಸ್ತೂರಾ ಓಪಾ ಎದ್ದೇ ಬಿಡುತ್ತಾರೆ. ಚಹಾದ ಕೆಟಲ್ ನನ್ನ ಕೈಗೆ ತುರುಕಿ, ಹೆಂಗಸರ ಮೊಣಕಾಲುಗಳನ್ನು ದಾಟಿ ಪರದೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಮುಖ ಹೊರಗೆ ಹಾಕುವುದಿಲ್ಲ, ದನಿ ಮಾತ್ರ ಹಾಕುತ್ತಾರೆ. ಕಿವಿ ಮಂದವಾದವರ ದನಿ, ಒಳಂಗಳ ಹೊರಂಗಳ ಎರಡಕ್ಕೂ ಸಾಕಾಗುವಷ್ಟು.

"ರಾನೋ ಅಪ್ಪ! ಗಂಟು ಗಂಟಾಗಿದೆ! ಬಾಲ ಕತ್ತರಿಸ್ರೀ ಅದರದ್ದು! ಹೆಂಗಸರು ಕೇಳ್ಬೇಕಾ, ಕೂತು ಸಿಕ್ಕು ಬಿಡಿಸ್ಬೇಕಾ? ಇಷ್ಟು ವರ್ಷ ಆಯ್ತು, ಇನ್ನೂ ಕಲೀಲಿಲ್ವಲ್ಲ ನೀವು!"

ಗಿಟಾರು ತಟ್ಟನೆ ನಿಲ್ಲುತ್ತದೆ. ಹೊರಂಗಳದಲ್ಲಿ ನೇಮತ್ "ಹೋಯ್!" ಎಂದು ಕೂಗಿದ್ದು, ಗಂಡಸರು ಗೊಳ್ಳೆಂದದ್ದು ಇಲ್ಲಿಗೆ ಕೇಳಿಸುತ್ತದೆ. ಆಮೇಲೆ ಗಿಟಾರು ಮತ್ತೆ ಶುರುವಾಗುತ್ತದೆ. ಈ ಸಲ ಪ್ರತಿಧ್ವನಿಯ ಬಾಲ ಚಿಕ್ಕದಾಗಿದೆ, ಓಟದಲ್ಲೂ ಪ್ರತಿ ಸ್ವರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಮಸ್ತೂರಾ ಓಪಾ ಪರದೆ ಹಿಡಿದು ನಿಂತಲ್ಲಿಂದಲೇ ನನ್ನ ಕಡೆ ನೋಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರು ಬಂದು ಕೂತು ಕೆಟಲ್ ವಾಪಸು ತೆಗೆದುಕೊಳ್ಳುತ್ತಾರೆ.

ಗಂಡಸರ ಪಲಾವು ಮುಗಿದು ಅಂಗಳ ಖಾಲಿಯಾದ ಮೇಲೆ ನಾನು ಹಾದಿಗೆ ಮರಳುತ್ತೇನೆ. ಉಸ್ತಾ ಪೆಡಲ್‌ಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಾರೆ. ಬಲಗಾಲಿನ ಸಾಲು ಆಗಲೇ ಚೀಲ ಸೇರಿದೆ, ಎಡಗಾಲಿನ ಸಾಲು ಇನ್ನೂ ನೆಲದ ಮೇಲಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆಯುತ್ತಾರೆ.

"ಏನೂ ಹೇಳಬೇಡ. ಕಿವಿ ನಿನ್ನದು, ಬಾಯಿ ಅವಳದು. ಅಷ್ಟೂ ಗೊತ್ತಾಗದಷ್ಟು ದಡ್ಡನಾ ನಾನು?"

ಪ್ರತಿಧ್ವನಿಯ ಪೆಡಲ್ ಕೈಗೆತ್ತಿಕೊಂಡು, ಹೆಂಡತಿ ಹೇಳಿದ್ದಕ್ಕೆ ತಿರುಗಿಸಿದ ತಿರುಪು ಅಲುಗದಂತೆ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಪೇಪರು ಸುತ್ತುತ್ತಾರೆ. ಅವರ ಕಣ್ಣು ತೇವವಾಗಿದೆ, ಮುಖದಲ್ಲಿ ನಗು ನಿಲ್ಲುತ್ತಿಲ್ಲ.

"ಬರೋ ವಾರ ರಿಶ್ತಾನಲ್ಲಿ ಒಂದು ಮದುವೆ ಇದೆ ತಂಗಿ. ನೀನೂ ಬಾ. ಬರೆಯೋದು ಬೇಡ. ಸುಮ್ಮನೆ ಅವಳ ಪಕ್ಕ ಕೂತ್ಕೋ."