ಮೂರನೆಯ ಚುಕ್ಕಿ

ಶನಿವಾರ ಸಂಜೆ ವಾಡಿಯ ರೈಲ್ವೆ ಕ್ವಾರ್ಟರ್ಸ್ ಸಾಲಿನಲ್ಲಿ ಎಲ್ಲರ ಮನೆಯಲ್ಲೂ ದೀಪ ಹತ್ತಿದರೂ ಒಂದು ಮನೆ ಮಾತ್ರ ಕತ್ತಲಲ್ಲಿರುತ್ತಿತ್ತು. ಅದರ ಹೊಸ್ತಿಲ ಮೇಲೆ ಆರೋನ್ ಮೇಸ್ತ್ರಿ ಕತ್ತು ಮೇಲೆತ್ತಿ ಕೂತಿರುತ್ತಿದ್ದರು. ಆಕಾಶದಲ್ಲಿ ಮೂರು ಚುಕ್ಕಿ ಕಾಣುವ ತನಕ ಅವರ ಶನಿವಾರ ಮುಗಿಯುತ್ತಿರಲಿಲ್ಲ. ಅಲ್ಲಿಯವರೆಗೆ ಕಡ್ಡಿ ಗೀರುವವರಲ್ಲ, ನಟ್ಟು ತಿರುಗಿಸುವ ಪಾನಾ ಮುಟ್ಟುವವರಲ್ಲ.

ಕೊಂಕಣ ಕಡೆಯ ಯಹೂದಿ, ಹೆಂಡತಿ ತೀರಿದ ಮೇಲೆ ಒಂಟಿ. ನಿಜಾಮರ ಕಾಲದ ಆ ಎಂಜಿನ್ ಶೆಡ್ಡಿನಲ್ಲಿ ನಾನು ಅವರ ಕೈಕೆಳಗಿನ ಫಿಟ್ಟರ್. ಅವರ ಶನಿವಾರದ ಪಾಳಿ ನಾನು ಮಾಡುತ್ತಿದ್ದೆ, ನನ್ನ ಸೋಮವಾರದ್ದು ಅವರು. ಗುಂಡಗುರ್ತಿಯ ನಮ್ಮ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ನಾನೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ಅವರ ಶನಿವಾರಕ್ಕೆ ಯಾರಾದರೂ ನಕ್ಕರೆ ಮೇಸ್ತ್ರಿ ನನ್ನತ್ತ ಕೈ ತೋರಿಸಿ ಅನ್ನುತ್ತಿದ್ದರು: "ಶರಣಪ್ಪನ ಎತ್ತಿಗಿ ವಾರಕ್ಕೊಂದ್ ದಿನ ಸುಟ್ಟಿ ಅದ. ಎತ್ತಿಗಿರೋದು ಮನಷ್ಯಾಗ ಬ್ಯಾಡೇನ್ರಿ?"

ಹೊಸ ಫೋರ್ಮನ್ ಬಂದವನೇ ಈ ಅದಲುಬದಲು ಬಂದ್ ಅಂದ. ನಾವು ಕೇಳಲಿಲ್ಲ. ಶ್ರಾವಣದ ಒಂದು ಶನಿವಾರ ಒಂದು ಎಂಜಿನ್ನಿನ ಬಾಯ್ಲರಿಗೆ ನೀರು ಏರದಾಯಿತು. ನಾನು ಹೆಣಗಿ ಸೋತೆ. ಮೇಸ್ತ್ರಿಯನ್ನು ಕರೆಯಲು ಓಡಿದರೆ ಅವರು ಮೋಡ ನೋಡುತ್ತ ಕೂತಿದ್ದರು.

"ಎರಡು ಕಂಡಾವ. ಇನ್ನೊಂದು ಬರಲಿ ತಮ್ಮಾ."

ಹಿಂದೆಯೇ ಫೋರ್ಮನ್ ಬಂದ. "ಈಗಿಂದೀಗ ನಡಿ. ಇಲ್ಲಾಂದ್ರ ನೌಕರಿ ಹೋಯ್ತು ತಿಳ್ಕೊ." ಆ ಏಕವಚನಕ್ಕೆ ನನಗೆ ಮೈಯೆಲ್ಲ ಉರಿಯಿತು.

ಮೇಸ್ತ್ರಿ ಏಳಲಿಲ್ಲ. "ನೌಕರಿ ನಿಮ್ಮ ಕೈಯಾಗದ ಸಾಹೇಬ್ರ. ಚುಕ್ಕಿ ಇಬ್ಬರ ಕೈಯಾಗೂ ಇಲ್ಲ. ಕುಂದ್ರಿ."

ಮೋಡ ಸರಿದು ಮೂರನೆಯದು ಕಂಡಿತು. ಆಮೇಲಾದರೂ ಗಡಿಬಿಡಿ ಮಾಡಿದರೇನು? ಹೆಣೆದ ಮೇಣಬತ್ತಿ ಹಚ್ಚಿ ನನ್ನ ಕೈಗೆ ಕೊಟ್ಟರು. ಒಣದ್ರಾಕ್ಷಿ ಶರಬತ್ತನ್ನು ಬಟ್ಟಲು ತುಂಬಿ ಚೆಲ್ಲುವಷ್ಟು ಸುರಿದು ಶನಿವಾರವನ್ನು ಬೀಳ್ಕೊಡುವ ಪ್ರಾರ್ಥನೆ ಹೇಳಿದರು. ಲವಂಗದ ಡಬ್ಬಿ ಮೂಸಿ, ನನಗೆ ಮೂಸಿಸಿ, ಫೋರ್ಮನ್ನನ ಮುಂದೂ ಹಿಡಿದರು. ಅವನು ಮುಖ ತಿರುಗಿಸಿದ. ಬೆರಳು ಮಡಚಿ ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಶರಬತ್ತು ಕುಡಿದು, ತಟ್ಟೆಗೆ ಚೆಲ್ಲಿದ್ದರಲ್ಲಿ ಬತ್ತಿ ಅದ್ದಿ ಆರಿಸಿದರು.

"ವಾರ ಸುರು ಆತು. ನಡೀರಿ."

ತಾಸಿನೊಳಗೆ ಎಂಜಿನ್ ಸರಿಯಾಯಿತು.

ಮರುದಿನ ಬೆಳಿಗ್ಗೆ ಫೋರ್ಮನ್ ಮೇಜಿನ ಮೇಲೆ ಎರಡು ಬಿಳಿ ಹಾಳೆ ಇಟ್ಟ. ಅದಲುಬದಲಿಗೆ ಇಬ್ಬರೂ ಮಾಫಿ ಬರೆದುಕೊಡಬೇಕು, ಇಲ್ಲವೇ ಶೆಡ್ ಬಿಡಬೇಕು. ಮೇಸ್ತ್ರಿ ಹಾಳೆಯನ್ನು ಹಿಂದಕ್ಕೆ ಸರಿಸಿದರು.

"ಕೆಲಸ ಕೆಡಿಸಿದ್ರ ಕಾಲು ಹಿಡೀತಿದ್ದೆ. ಶನಿವಾರ ದೇವರದು. ಅದಕ್ಕ ನಾ ಮಾಫಿ ಕೇಳಂಗಿಲ್ಲ."

ಹೊರಗೆ ನಡೆದೇಬಿಟ್ಟರು. ನಾನು ಬರೆದೆ.

ಅವತ್ತೇ ಮುಂಬಯಿ ಗಾಡಿ ಹತ್ತಿಸಲು ಹೋದಾಗ ಅವರ ಮುಖ ನೋಡಲಾಗಲಿಲ್ಲ. "ನಾ ಬರದುಕೊಟ್ಟೆ, ಮೇಸ್ತ್ರಿ" ಅಂದೆ.

ಕಿಟಕಿಯಿಂದ ಕೈ ಚಾಚಿ ಹೆಗಲ ಮೇಲಿಟ್ಟರು. "ಮನ್ಯಾಗ ನಾಕು ಮಕ್ಕಳವ. ಛಲೋ ಮಾಡಿದಿ. ಮನಸ್ಸಿಗಿ ಹಚ್ಕೋಬ್ಯಾಡ."

ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ. ಅಂದು ಅವರು ನನ್ನನ್ನು ಬೈದಿದ್ದರೆ ಎಷ್ಟೋ ಪಾಡಿತ್ತು.