ಭೈರವಿಗೆ ಮುಂಚಿನ ಕಾಲು ಗಂಟೆ

ಗುಡ್ಡದ ಮೇಲಿನ ತಂಪು ಊರುಗಳನ್ನು ಹೊಗಳುವವರನ್ನು ಕಂಡರೆ ನನಗಾಗುವುದಿಲ್ಲ. ಒಂದು ಬೇಸಿಗೆ ಪೂರ್ತಿ ನಾನು ಮಹಾಬಳೇಶ್ವರದಲ್ಲಿದ್ದೆ. ಅಲ್ಲಿ ಸ್ಟ್ರಾಬೆರಿ, ಕುದುರೆ ಸವಾರಿ, ಸೂರ್ಯಾಸ್ತ ನೋಡುವ ಜಾಗ ಎಲ್ಲ ಇದೆಯಂತೆ. ಇರಬಹುದು. ನಾನು ನೋಡಿದ್ದು ಒಂದು ಬಂಗಲೆಯ ಅಡುಗೆಮನೆ, ಅದರ ಪಕ್ಕದಲ್ಲಿ ನಾನು ಮಲಗುತ್ತಿದ್ದ ಇಕ್ಕಟ್ಟು ಒಳ ಓಣಿ, ಮತ್ತು ನನ್ನ ಸಂಗೀತದ ಮಾಸ್ತರರ ಬೆನ್ನು. ತಂಬೂರಿ ಹಿಡಿದು ಹಿಂದೆ ಕೂರುವವರಿಗೆ ಸಂಗೀತವೆಂದರೆ ಬೆನ್ನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹತ್ತೊಂಬತ್ತು. ಕುಮಟೆಯ ಹತ್ತಿರದ ಬಾಡ ನಮ್ಮೂರು. ಅಪ್ಪ ದೋಣಿಗೆ ಹೋಗುತ್ತಿದ್ದ, ಅಮ್ಮ ಬುಟ್ಟಿ ಹೊತ್ತು ಕುಮಟೆಯ ಕೇರಿಗಳಲ್ಲಿ ಮೀನು ಮಾರುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ನನ್ನ ದನಿ ಕೇಳಿದ ಮಾಸ್ತರರು ಪಾಠ ಹೇಳುತ್ತೇನೆಂದು ಕರೆದಿದ್ದರು. ಆರು ವರ್ಷ ಅವರ ಜಗಲಿಯಲ್ಲಿ ಕಲಿತೆ. ಅವರ ಮನೆಯಲ್ಲಿ ಮೀನು ನಡೆಯುವುದಿಲ್ಲ, ಹಾಗಾಗಿ ಅಮ್ಮನ ಬುಟ್ಟಿ ಆ ಬಾಗಿಲಲ್ಲಿ ಒಂದು ದಿನವೂ ಇಳಿದಿರಲಿಲ್ಲ. ನಾನು ಮಾತ್ರ ಹೋಗುತ್ತಿದ್ದೆ, ಬಾವಿಕಟ್ಟೆಯಲ್ಲಿ ಎರಡು ಸಲ ಕೈ ತೊಳೆದುಕೊಂಡು.

ಮುಂಬಯಿಯಲ್ಲಿ ಗಿರಣಿಯಿದ್ದ ಒಂದು ಕೊಂಕಣಿ ಮನೆತನದವರು ಆ ಬೇಸಿಗೆ ಮಾಸ್ತರರನ್ನು ತಮ್ಮ ಗುಡ್ಡದ ಬಂಗಲೆಗೆ ಕರೆಸಿಕೊಂಡರು. ಮನೆಯ ಯಜಮಾನಿಗೆ ಹಾಡು ಕಲಿಯುವ ಹುಕಿ. ತಂಬೂರಿಗೆ ಒಬ್ಬಳು ಬೇಕೆಂದು ಮಾಸ್ತರರು ನನ್ನನ್ನು ಕರೆದರು. ನಾನು ಅನುಮಾನಿಸಿದ್ದಕ್ಕೆ ಒಂದು ಆಸೆ ಹಚ್ಚಿದರು. ಮುಂಬಯಿಯ ಒಬ್ಬ ಹಿರಿಯ ಗಾಯಕಿ ಮೇ ಕೊನೆಗೆ ಆ ಬಂಗಲೆಗೆ ಬರುತ್ತಾರೆ, ಮೆಚ್ಚಿದ ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸುತ್ತಾರೆ.

"ಅವರ ಎದುರು ನನ್ನ ಹಾಡಿನ ಬೈಠಕ್ ಇದ್ದು. ಕೊನೆಯ ಭೈರವಿಗೆ ಮುಂಚೆ ನಿನಗೆ ಕಾಲು ಗಂಟೆ ಬಿಡ್ತೆ. ಹಾಡೂಕೆ ತಯಾರಾಗು," ಎಂದರು.

"ಆತು," ಎಂದೆ. ನಮ್ಮ ಕಡೆ ಯಾರು ಏನು ಹೇಳಿದರೂ ಒಪ್ಪುವ ಮಾತು ಅದೊಂದೇ. ಆತು ಎಂದರೆ ಸರಿ, ಆತು ಎಂದರೆ ಮಾಡುತ್ತೇನೆ, ಆತು ಎಂದರೆ ಮುಗಿಯಿತು.

ಮಹಾಬಳೇಶ್ವರಕ್ಕೆ ಹೊರಟಿದ್ದೇನೆ ಎಂದರೆ ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನಮಗೆ ಮಾಬ್ಲೇಶ್ವರ ಎಂದರೆ ಗೋಕರ್ಣದ ದೇವರು. "ಗೋಕರ್ಣಕ್ಕೆ ಹೋಗೂಕೆ ಎರಡು ತಿಂಗ್ಳು ಎಂತಕೆ?" ಎಂದು ಕೇರಿಯವರ ಮುಂದೆ ಕೇಳಿ ನನ್ನ ಮರ್ಯಾದೆ ತೆಗೆದಳು. ಅದು ಬೇರೆ, ಘಟ್ಟದ ಮೇಲಿನದು ಎಂದು ತಿಳಿಸಿ ಹೇಳಿದ ಮೇಲೆ ಒಂದು ತೆಂಗಿನಕಾಯಿ ತಂದು ಟ್ರಂಕಿನಲ್ಲಿ ಇಟ್ಟಳು. "ಯಾವ ಮಾಬ್ಲೇಶ್ವರ ಆದ್ರೂ ಅಡ್ಡಿಲ್ಲ. ಹಾಡೂ ದಿನ ಒಡೆಸು," ಎಂದಳು.

ಹುಬ್ಬಳ್ಳಿಯವರೆಗೆ ಬಸ್ಸು, ಆಮೇಲೆ ರೈಲು, ಮತ್ತೆ ಬಸ್ಸು. ಬಂಗಲೆಯ ಮೆಟ್ಟಿಲಲ್ಲೇ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾಸ್ತರರಿಗೆ ಕೊಂಕಣಿಯಲ್ಲಿ, "ಇವಳ ಮೈಗೆ ಮೀನಿನ ವಾಸನೆ ಇಲ್ಲವಷ್ಟೆ?" ಎಂದು ಕೇಳಿದಳು. ಬಾಡದಲ್ಲಿ ನಮ್ಮ ಅಕ್ಕಪಕ್ಕದವರೆಲ್ಲ ಕೊಂಕಣಿ ಆಡುವವರು. ಅವಳು ಎರಡು ತಿಂಗಳು ನನ್ನ ಎದುರೇ ಆಡಿದ ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು. ತಿಳಿಯುತ್ತದೆ ಎಂದು ನಾನು ಹೇಳಲಿಲ್ಲ. ಮಾಸ್ತರರೂ ಹೇಳಲಿಲ್ಲ. ಅವರು ನಕ್ಕು, "ಚೊಕ್ಕ ಹುಡುಗಿ" ಎಂದರು.

ಮಾಸ್ತರರ ಊಟ ಮೇಜಿನ ಮೇಲೆ, ನನ್ನದು ಅಡುಗೆಮನೆಯ ನೆಲದಲ್ಲಿ. ಅಡುಗೆಯವನು ಭಟ್ಕಳದ ಕಡೆಯ ಮುಟ್ಟಳ್ಳಿಯವನು, ಹದಿನೈದು ವರ್ಷದಿಂದ ಅಲ್ಲಿದ್ದವನು. ಆ ಊರಿನಲ್ಲಿ ನನಗೆ ಬೇಕಾದವನು ಅವನೊಬ್ಬನೇ, ಅವನೂ ಬಾಯಿ ತೆರೆದರೆ ಬೈಗುಳ. "ಹಾಡೂಕೆ ಬಂದವಳು ತೆಂಗಿನಕಾಯಿ ಹೆರೀತಾ ಕುಂತಿದ್ಯಲೆ," ಎನ್ನುತ್ತಿದ್ದ, ನನಗೆ ಹೆರೆಯಲು ಕೊಡುತ್ತಿದ್ದವನೂ ಅವನೇ.

ಯಜಮಾನಿಯ ಪಾಠ ದಿನಾ ಬೆಳಿಗ್ಗೆ ಹತ್ತಕ್ಕೆ. ಅವಳ ಗಾಂಧಾರ ಒಂದು ದಿನವೂ ಜಾಗಕ್ಕೆ ಬರಲಿಲ್ಲ. ಮಾಸ್ತರರು ಜಗಲಿಯಲ್ಲಿ ನನಗೆ ಅರ್ಧ ಶ್ರುತಿ ತಪ್ಪಿದರೆ ಬೆರಳ ಗಂಟಿಗೆ ಹೊಡೆಯುತ್ತಿದ್ದವರು, ಇಲ್ಲಿ ಕಣ್ಣು ಮುಚ್ಚಿ "ವಾಹ್" ಎನ್ನುತ್ತಿದ್ದರು. ಹಿಂದೆ ಕೂತು ಮೆಲ್ಲನೆ ಸರಿಯಾದ ಸ್ವರ ಹಿಡಿದುಕೊಡುವುದು ನನ್ನ ಕೆಲಸ. ಒಂದು ದಿನ ಸ್ವಲ್ಪ ಜೋರಾಗಿ ಹಿಡಿದೆ. ಯಜಮಾನಿ ಹಾಡು ನಿಲ್ಲಿಸಿ, "ಮೀನು ಮಾರುವವರ ದನಿ ಇವಳದು, ತಲೆ ನೋಯುತ್ತದೆ," ಎಂದಳು. ಮಾಸ್ತರರು ನಕ್ಕರು. ಆ ನಗು ನನಗೆ ಇವತ್ತಿಗೂ ಕೇಳುತ್ತದೆ, ಇವತ್ತಿಗೂ ಮೈ ಉರಿಯುತ್ತದೆ.

ಆದರೂ ಸಹಿಸಿದೆ. ಬೆಳಿಗ್ಗೆ ಎಲ್ಲರೂ ತಿರುಗಾಟಕ್ಕೆ ಹೋದಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನನ್ನ ಕಾಲು ಗಂಟೆಯನ್ನು ತಿದ್ದಿದೆ. ಎಲ್ಲಿ ಉಸಿರು, ಎಲ್ಲಿ ತಾನ, ಎಷ್ಟು ಹೊತ್ತಿಗೆ ಮೇಲಿನ ಷಡ್ಜ ಎಲ್ಲ ಗಟ್ಟಿ ಮಾಡಿಕೊಂಡೆ. ಅಡುಗೆಯವನು ಗೋಡೆಯ ಗಡಿಯಾರ ನೋಡಿ, "ಹದಿನಾಲ್ಕು ನಿಮಿಷ ಆತು. ಇನ್ನೂ ಒಂದು ಉಂಟು," ಎನ್ನುತ್ತಿದ್ದ.

ಮೇ ಕೊನೆಯ ವಾರ ಮಂಜು ಇಳಿಯಿತು. ಗಾಯಕಿ ಬರುವ ಎರಡು ದಿನ ಮುಂಚಿನ ಸಂಜೆ ದಿವಾನಖಾನೆಯಲ್ಲಿ ಚಳಿ ಕಾಯಿಸುವ ಗೋಡೆಯೊಲೆಗೆ ಬೆಂಕಿ ಹಾಕಿದರು. ಮನೆಯಲ್ಲಿ ಎರಡು ತಂಬೂರಿ ಇದ್ದವು. ಒಂದು ಮಾಸ್ತರರು ಕುಮಟೆಯಿಂದ ತಂದದ್ದು, ಇನ್ನೊಂದು ಆ ಮನೆಯದು, ಯಜಮಾನಿಯ ಮಾವ ಮಿರಜದಲ್ಲಿ ಮಾಡಿಸಿದ್ದು. ಮಂಜು ನೋಡಿ ಮಾಸ್ತರರಿಗೆ ನಮ್ಮೂರಿನ ಮಳೆಗಾಲ ನೆನಪಾಯಿತು. ನಮ್ಮಲ್ಲಿ ಜೂನ್ ಬಂತೆಂದರೆ ಎಲ್ಲ ಬೂಸಲು ಹಿಡಿಯುತ್ತದೆ. ಅಮ್ಮ ಒಣಮೀನನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಾಳೆ, ಮಾಸ್ತರರ ಮನೆಯಲ್ಲಿ ತಂಬೂರಿಯನ್ನು ಅಡುಗೆ ಒಲೆಯ ಗೋಡೆಯ ಆಚೆ ಬದಿಗೆ ಒರಗಿಸುತ್ತಾರೆ. ಆರು ಮಳೆಗಾಲ ಒರಗಿಸಿದವಳು ನಾನೇ.

"ಆ ಮಿರಜದ್ದಕ್ಕೆ ಥಂಡಿ ಹಿಡಿತದೆ. ಬೆಂಕಿ ಹತ್ರ ಇಡೆ," ಎಂದರು ಮಾಸ್ತರರು.

"ಆತು," ಎಂದು ಇಟ್ಟೆ.

ನಮ್ಮೂರಿನಲ್ಲಿ ನಡುವೆ ಒಂದು ಮಣ್ಣಿನ ಗೋಡೆ ಇರುತ್ತದೆ, ಗಾಳಿಯಲ್ಲೇ ನೀರಿರುತ್ತದೆ ಎನ್ನುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ಅಂಟು ಬಿಟ್ಟು ಕೊರಳು ಕಳಚಿಕೊಂಡಿತ್ತು, ಬುರುಡೆ ಮೇಲಿಂದ ಕೆಳಗೆ ಸೀಳಿತ್ತು.

ಯಜಮಾನಿ ಕೆಳಗಿಳಿದು ಬರುವ ಮೊದಲು ಮಾಸ್ತರರು ನನ್ನನ್ನು ಒಳ ಓಣಿಗೆ ಎಳೆದುಕೊಂಡು ಹೋದರು. "ನಾನು ಹೇಳಿದ್ದು ಅಂತ ಆದ್ರೆ ಬೈಠಕ್ಕೇ ನಿಲ್ತದೆ. ನನ್ನದೂ ಹೋತು, ನಿನ್ನದೂ ಹೋತು. ನೀನೇ ಇಟ್ಟಿದ್ದು ಅಂತ ಒಪ್ಕ. ನಿನ್ನ ಕಾಲು ಗಂಟೆ ನಿನಗೇ. ತಾಯಾಣೆ."

ಆರು ವರ್ಷದ ಗುರು. ಕಾಲು ಗಂಟೆಯ ಆಸೆ. ನನ್ನ ನಾಲಿಗೆ ಅದರ ಅಭ್ಯಾಸದಂತೆ "ಆತು" ಎಂದಿತು.

ಯಜಮಾನಿ ನನಗೆ ಹೊಡೆಯಲಿಲ್ಲ, ಹೊಡೆದಿದ್ದರೆ ವಾಸಿಯಿತ್ತು. ಮಾಸ್ತರರ ಕಡೆ ತಿರುಗಿ, ಬಲೆ ಹಿಡಿಯುವ ಕೈಗೆ ತಂಬೂರಿ ಕೊಟ್ಟದ್ದು ನಿಮ್ಮ ತಪ್ಪು ಎಂದಳು. ಮಾಸ್ತರರು ತಲೆ ತಗ್ಗಿಸಿ, ಹೌದು, ತಪ್ಪಾಯಿತು ಎಂದರು.

ಗಾಯಕಿ ಬಂದ ದಿನವೇ ಸಂಜೆ ಐದೂವರೆಗೆ ಬೈಠಕ್ ಶುರುವಾಯಿತು. ಉಳಿದದ್ದು ಒಂದೇ ತಂಬೂರಿ, ಅದು ನನ್ನ ತೊಡೆಯ ಮೇಲೆ. ಇಪ್ಪತ್ತು ಇಪ್ಪತ್ತೈದು ಜನ ಶಾಲು ಹೊದ್ದು ಕೂತಿದ್ದರು. ಗಾಯಕಿ ಮುಂದಿನ ಬೆತ್ತದ ಕುರ್ಚಿಯಲ್ಲಿ. ದೇವಸ್ಥಾನಕ್ಕೆ ಹೋಗಲು ಯಜಮಾನಿ ಬಿಟ್ಟಿರಲಿಲ್ಲ, ತೆಂಗಿನಕಾಯಿ ಟ್ರಂಕಿನಲ್ಲೇ ಇತ್ತು. ಮಾಸ್ತರರು ಚೆನ್ನಾಗಿ ಹಾಡಿದರು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಹಾಡಿದರು. ಎರಡು ರಾಗ ಮುಗಿದವು. ನೀರು ಕುಡಿದರು. ನಾನು ಗಂಟಲು ಸರಿಮಾಡಿಕೊಂಡು ಅವರ ಬೆನ್ನನ್ನೇ ನೋಡುತ್ತ ಕೂತೆ. ಈಗ ತಿರುಗುತ್ತಾರೆ, ಈಗ ಕೈ ಮಾಡುತ್ತಾರೆ ಎಂದುಕೊಂಡೆ. ಬೆನ್ನು ನೆಟ್ಟಗಾಯಿತು. ಲೋಟ ಪಕ್ಕಕ್ಕಿಟ್ಟು ಭೈರವಿ ಎತ್ತಿಕೊಂಡರು.

ಹಿಂದುಸ್ತಾನಿ ಕೇಳುವವರಿಗೆ ಹೇಳಬೇಕಾಗಿಲ್ಲ. ಭೈರವಿ ಬಂತೆಂದರೆ ಮುಗಿಯಿತು. ಅದರ ಮೇಲೆ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲ. ಯಜಮಾನಿ ಆಗಲೇ ಚಹಾಕ್ಕೆ ಸನ್ನೆ ಮಾಡಿದಳು.

ನನ್ನ ಬೆರಳು ನಿಂತಿತು. ನಾನು ನಿಲ್ಲಿಸಿದೆನೋ ಅದೇ ನಿಂತಿತೋ, ಅಂತೂ ಮತ್ತೆ ಮೀಟಲಿಲ್ಲ. ಶ್ರುತಿ ಇಲ್ಲದ ಕೋಣೆಯಲ್ಲಿ ಮಾಸ್ತರರ ದನಿ ಒಂಟಿಯಾಗಿ ಸ್ವಲ್ಪ ದೂರ ಹೋಗಿ ತಡವರಿಸಿತು. ಅವರು ತಿರುಗಿದರು. ಅಷ್ಟು ಜನರ ನಡುವೆ ನಮ್ಮ ಮಾತಿನಲ್ಲೇ ಕೇಳಿದರು.

"ಎಂತ ಆತೇ?"

"ಆತು," ಎಂದೆ.

"ತಂತಿ ಹೋತಾ?"

"ಇಲ್ಲ. ಆತು, ಅಷ್ಟೆ."

ತಂಬೂರಿಯನ್ನು ಮೆತ್ತಗೆ ಚಾಪೆಯ ಮೇಲೆ ಮಲಗಿಸಿದೆ. ಎದ್ದು ನಿಂತು ಯಜಮಾನಿಗೆ ಅವಳದೇ ಕೊಂಕಣಿಯಲ್ಲಿ ಹೇಳಿದೆ, "ಬೆಂಕಿ ಹತ್ತಿರ ಇಡು ಎಂದವರು ಇವರು. ಇಟ್ಟವಳು ನಾನು." ಅವಳ ಮುಖ ಬಿಳಿಚಿದ್ದು ತಂಬೂರಿಗಲ್ಲ. ಎರಡು ತಿಂಗಳು ಆಡಿದ್ದೆಲ್ಲ ನನಗೆ ತಿಳಿದಿತ್ತು ಎನ್ನುವುದಕ್ಕೆ. ಹಿರಿಯ ಗಾಯಕಿ ನನ್ನನ್ನು ಒಂದು ಸಲ ನೋಡಿದರು, ಆಮೇಲೆ ಚಹಾದ ಲೋಟ ತೆಗೆದುಕೊಂಡರು. ಅವರೇನೋ ಕೇಳುತ್ತಾರೆ ಎಂದು ಬಾಗಿಲವರೆಗೂ ಕಾದೆ. ಕೇಳಲಿಲ್ಲ.

ಮರುದಿನ ಅಡುಗೆಯವನು ಬಸ್ಸು ಹತ್ತಿಸಿದ. ಒಬ್ಬಳೇ ಬಾಡಕ್ಕೆ ಬಂದೆ. ಅಮ್ಮ ಟ್ರಂಕು ತೆರೆದು ತೆಂಗಿನಕಾಯಿ ನೋಡಿ, "ಒಡೆಸ್ಲೇ ಇಲ್ವನೆ?" ಎಂದಳು. ಎಲ್ಲ ಹೇಳಿದೆ. ಅಮ್ಮ ಕಾಯಿಯನ್ನು ತೆಗೆದು ತನ್ನ ಬುಟ್ಟಿಯ ಪಕ್ಕ ಇಟ್ಟಳು.

ಜೂನ್ ಮೊದಲ ವಾರ ಮಾಸ್ತರರು ಊರಿಗೆ ಬಂದ ಸುದ್ದಿ ಬಂತು. ಅಮ್ಮ ಬೆಳಿಗ್ಗೆ ಬುಟ್ಟಿ ಹೊತ್ತು ಕುಮಟೆಗೆ ಹೊರಟಳು, ನನ್ನನ್ನೂ ಕರೆದಳು. ಯಾವತ್ತೂ ಇಳಿಯದ ಮಾಸ್ತರರ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಅದರೊಳಗಿಂದ ಆ ತೆಂಗಿನಕಾಯಿ ತೆಗೆದು ಅಂಗಳದ ಬೇಲಿಬಾಗಿಲು ದಣಪೆಯ ಕಲ್ಲಿನ ಮೇಲಿಟ್ಟಳು. ನಮ್ಮ ಕಡೆ ಅನ್ಯಾಯವಾದವರು ದೇವರ ಮುಂದೆ ಕಾಯಿ ಇಟ್ಟು ದೂರುತ್ತಾರೆ, ಅದಕ್ಕೆ ಎಂಥವರೂ ಹೆದರುತ್ತಾರೆ. ಅಮ್ಮ ದೇವರ ತನಕ ಹೋಗಲಿಲ್ಲ.

"ಮಾಸ್ತ್ರೇ, ನನ್ನ ಮಗಳ ಕಾಲು ಗಂಟೆ ಕೊಡಿ," ಎಂದು ಕೂಗಿದಳು.

ಕೇರಿಯ ಬಾಗಿಲುಗಳೆಲ್ಲ ತೆರೆದವು. ನಾಲ್ಕು ಓಣಿ ಆಚೆಗೆ ಬಂಗಡೆ ಮೀನು ಬಂತೆಂದು ತಿಳಿಸುವ ದನಿ ಅದು. ಎಲ್ಲೂ ಒಡೆಯದೆ, ಎಲ್ಲೂ ಅಲುಗದೆ, ಮೇಲೆ ಹೋಗಿ ಅಲ್ಲೇ ನಿಂತಿತು. ನಾನು ಆರು ವರ್ಷ ಬೆರಳ ಗಂಟಿಗೆ ಹೊಡೆಸಿಕೊಂಡು ಹುಡುಕಿದ ಷಡ್ಜ ಅಮ್ಮನ ಬಾಯಲ್ಲಿ ಬಿಟ್ಟಿಯಾಗಿ ಬಿದ್ದಿತ್ತು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಬಂದವಳು ತಲೆ ಎತ್ತಿದೆ.

ಮಾಸ್ತರರು ಕಿಟಕಿಗೆ ಬಂದರು. ಕಾಯಿ ನೋಡಿದರು, ಕೇರಿಯವರನ್ನು ನೋಡಿದರು. "ಗಲಾಟೆ ಎಂತಕೆ? ಮುಂದಿನ ವರ್ಷ ಕೊಡ್ತೆ," ಎಂದರು, ಮೆತ್ತಗೆ.

ಅಮ್ಮ ಬುಟ್ಟಿ ತಲೆಗೇರಿಸಿಕೊಂಡಳು. "ಮುಂದಿನ ವರ್ಷದ ಮೀನು ಇವತ್ತು ಉಂಬೂಕೆ ಆತದಾ, ಮಾಸ್ತ್ರೇ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ಕಾಯಿಯನ್ನು ಅಲ್ಲೇ ಬಿಟ್ಟು, ಮುಂದಿನ ಕೇರಿಗೆ ಹೋದಳು. ನಾನು ಅವಳ ಹಿಂದೆ ಹೋದೆ.